ಕರಡಿಗೂ ಚಿಪ್ಪುಹಂದಿಗೂ ನಡುವಿನ ಜಾಗ

ನಮ್ಮತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮದುವೆಗೆ ಮುಂಚೆಯೇ ನನಗೆ ನಾಲ್ಕು ಜನ ಹೇಳಿದ್ದರು. ನನ್ನ ಸಿಟ್ಟು ಎಲ್ಲಿರುತ್ತದೆ ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲ ವರ್ಷ ನಮ್ಮ ಮನೆಯ ಪಾತ್ರೆಗಳಿಗೆ ಬಹಳ ಪೆಟ್ಟು ಬಿತ್ತು. ಆಮೇಲೆ ಇಬ್ಬರಿಗೂ ಒಂದು ವಿಷಯ ಹೊಳೆಯಿತು. ಈ ಎರಡು ಸಿಟ್ಟೂ ಒಂದೇ ಕಡೆಗೆ ತಿರುಗಿದರೆ ಎದುರಿಗಿದ್ದವರಿಗೆ ಉಳಿಗಾಲವಿಲ್ಲ. ಈಗ ಹೇಳಹೊರಟಿರುವುದು ಹಾಗೆ ತಿರುಗಿದ ಸಿಟ್ಟಿನ ಕಥೆ. ಹೇಳುವಾಗ ಈಗಲೂ ಮೈ ಉರಿಯುತ್ತದೆ.

ಅತ್ತೆಯ ಕೆಲಸ ಮ್ಯೂಸಿಯಮ್ಮಿನಲ್ಲಿ. ಹುಲ್ಲು ತುಂಬಿ ನಿಲ್ಲಿಸಿದ ಪ್ರಾಣಿಗಳ ಧೂಳು ಒರೆಸುವುದು. ಕೇಳಿದವರು ನಗುತ್ತಾರೆ, ನಾನೂ ನಕ್ಕಿದ್ದೆ. ಆದರೆ ಆ ಕೆಲಸಕ್ಕೂ ಒಂದು ಕ್ರಮವಿದೆ. ಕರಡಿಯ ಕೂದಲನ್ನು ತಲೆಯಿಂದ ಬಾಲದ ಕಡೆಗೇ ಬಾಚಬೇಕು, ತಪ್ಪಿ ಮೇಲಕ್ಕೆ ಬಾಚಿದರೆ ಬುಡದಿಂದ ಕಿತ್ತು ಬರುತ್ತದೆ. ಮಂಗಟ್ಟೆ ಹಕ್ಕಿಯ ದೊಡ್ಡ ಕೊಕ್ಕಿಗೆ ಒಣಬಟ್ಟೆ, ಗಾಜಿನ ಕಣ್ಣುಗಳಿಗೆ ಹತ್ತಿ. ಚಿಪ್ಪುಹಂದಿಗೆ ಮಾತ್ರ ಹಳೆಯ ಹಲ್ಲುಜ್ಜುವ ಬ್ರಶ್ಶು, ಒಂದೊಂದು ಚಿಪ್ಪಿನ ಸಂದಿಗೂ ಹೋಗಬೇಕಲ್ಲ. ಮಕ್ಕಳು ಹುಟ್ಟುವ ಮುಂಚೆ ಸೇರಿದ ಕೆಲಸ. ನನ್ನ ಗಂಡ ಅಮ್ಮನ ವಾಸನೆ ಎಂದರೆ ನುಸಿಗುಳಿಗೆಯ ವಾಸನೆ ಎಂದೇ ತಿಳಿದು ಬೆಳೆದವರು.

ಮ್ಯೂಸಿಯಮ್ಮಿನ ಗೇಟಿನ ಮೇಲೆ 'ನಿಮ್ಮ ದೇಶವನ್ನು ಒಂದೇ ಗಂಟೆಯಲ್ಲಿ ಅರಿಯಿರಿ' ಎಂಬ ಬೋರ್ಡಿದೆ. ಒಳಗೆ ಕಾಲಿಟ್ಟರೆ ಕಾಗದದ ಮುದ್ದೆಯಲ್ಲಿ ಮಾಡಿದ ಬೆಟ್ಟಗಳ ಸಾಲು, ನೀಲಿ ಬಣ್ಣ ಬಳಿದ ನದಿಗಳು, ಹಸಿರು ಬಳಿದ ಕಾಡು. ಮೆಟ್ಟಿಲು ಹತ್ತಿದರೆ ಪ್ರಾಣಿಗಳ ಹಾಲ್. ಅದರಾಚೆಯ ಕೋಣೆಯಲ್ಲಿ ದೇಶದ ಜನರ ಗೊಂಬೆಗಳು: ಬಯಲಿನ ವ್ಯಾಪಾರಿ, ನದೀತೀರದ ಬೆಸ್ತ, ಬೆನ್ನಿಗೆ ಬುಟ್ಟಿ ಹೊತ್ತ ಬೆಟ್ಟದ ಹೆಂಗಸು. ಆ ಹೆಂಗಸಿನ ಕೆಳಗೆ ಬರೆದಿರುವುದು ನನಗೆ ಬಾಯಿಪಾಠ. 'ಬೆಟ್ಟದ ಬದುಕಿನ ಕಷ್ಟವು ಮುಖದ ಗೆರೆಗಳಲ್ಲಿ ಎದ್ದು ಕಾಣುತ್ತದೆ.' ನಾನು ಕಲಿಸುವ ಶಾಲೆಯ ಪುಸ್ತಕದಲ್ಲೂ ಅದೇ ಗೊಂಬೆಯ ಚಿತ್ರ, ಕೆಳಗೆ ಅದೇ ಸಾಲು.

ಮದುವೆಯಾದ ಹೊಸದರಲ್ಲಿ ಸೊಸೆಯನ್ನು ಹಿರಿಯರ ಕಾಲಿಗೆ ಬೀಳಿಸಲು ಕರೆದುಕೊಂಡು ಹೋಗುತ್ತಾರೆ. ನನ್ನನ್ನು ಟಿಕೆಟ್ ತೆಗೆಸಿ ಕರೆದುಕೊಂಡು ಹೋದರು. ಅತ್ತೆ ಆ ಬುಟ್ಟಿಯ ಹೆಂಗಸಿನ ಮುಂದೆ ನನ್ನನ್ನು ನಿಲ್ಲಿಸಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಹೇಳಿದರು.

"ಇವಳು ನಮ್ಮಮ್ಮ ಕಣೇ. ನಮಸ್ಕಾರ ಮಾಡು."

ನಡೆದದ್ದು ಇಷ್ಟು. ಮ್ಯೂಸಿಯಮ್ ಕಟ್ಟುತ್ತಿದ್ದ ಕಾಲದಲ್ಲಿ ಗೊಂಬೆ ಮಾಡುವವನೊಬ್ಬನನ್ನು ಬೆಟ್ಟಕ್ಕೆ ಹೋಗಿ ಅಲ್ಲಿಯ ಹೆಂಗಸೊಬ್ಬಳ ಮುಖದ ಅಚ್ಚು ತೆಗೆದುಕೊಂಡು ಬಾ ಎಂದು ಖರ್ಚು ಕೊಟ್ಟು ಕಳಿಸಿದ್ದರು. ಅವನು ಹೊರಟ ದಿನ ಮಳೆಗೆ ದಾರಿ ಕುಸಿದಿತ್ತು. ದಾರಿ ಸರಿಯಾದ ಮೇಲೂ ಅವನ ಕಾಲು ಏಳಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತೇ ಇದ್ದ. ಆಗ ಅತ್ತೆಯ ಅಮ್ಮ, ನನ್ನ ಗಂಡನ ಅಜ್ಜಿ, ಕಟ್ಟಡದ ಕೆಲಸಕ್ಕೆ ನೀರು ಹೊರುತ್ತಿದ್ದರು. ಬಗ್ಗಿ ನಡೆಯುವ ಹೆಂಗಸನ್ನು ಕಂಡು, ಬೆಟ್ಟದವರು ಹೀಗೇ ಇರುತ್ತಾರೆ ಎಂದು ಅವನು ತೀರ್ಮಾನ ಮಾಡಿದ. ಅವನು ಹುಟ್ಟಿದ ಮೇಲೆ ಬೆಟ್ಟದವರನ್ನು ಕಂಡವನೇ ಅಲ್ಲ. ಅಜ್ಜಿಯೋ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹುಟ್ಟಿದವರು. ಅಟ್ಟದ ಏಣಿ ಹತ್ತಿದರೂ ಅವರಿಗೆ ತಲೆ ತಿರುಗುತ್ತಿತ್ತಂತೆ.

ಅಜ್ಜಿಯನ್ನು ಮಲಗಿಸಿ, ಮುಖಕ್ಕೆ ಎಣ್ಣೆ ಸವರಿ, ಉಸಿರಾಡಲು ಮೂಗಿನ ಎರಡು ಹೊಳ್ಳೆಗೂ ಕೊಳವೆ ಸಿಕ್ಕಿಸಿ, ಮೇಲೆ ಗಾರೆ ಸುರಿದರು. ಪುಟ್ಟ ಹುಡುಗಿಯಾಗಿದ್ದ ಅತ್ತೆ ಪಕ್ಕದಲ್ಲೇ ಕೂತಿದ್ದವರು, ಈ ಕೊಳವೆಯಲ್ಲಿ ಏನಿದೆ ನೋಡೋಣ ಎಂದು ಒಂದನ್ನು ಅಲ್ಲಾಡಿಸಿದರು. ಅಜ್ಜಿಗೆ ಸೀನು ಬಂತು. ಸೀನಿದರೆ ಗಾರೆ ಒಡೆದು ಮತ್ತೆ ಮೊದಲಿಂದ ಮಲಗಬೇಕು. ಪಾಪ, ಹುಬ್ಬು ಗಂಟಿಕ್ಕಿ, ಮೂಗು ಸುಕ್ಕುಗಟ್ಟಿಸಿ, ಬಿಗಿಹಿಡಿದು ತಡೆದರು. ಗಾರೆ ಹಾಗೇ ಗಟ್ಟಿಯಾಯಿತು. ದೇಶದ ಮಕ್ಕಳೆಲ್ಲ ಬೆಟ್ಟದ ಕಷ್ಟ ಎಂದು ಓದುತ್ತಿರುವುದು ಆ ತಡೆದ ಸೀನನ್ನು.

ನಗು ಬರುತ್ತದೆ, ನಿಜ. ಆದರೆ ಅಜ್ಜಿ ಬೇಗ ತೀರಿಕೊಂಡರು. ಮನೆಯಲ್ಲಿ ಒಂದು ಫೋಟೋ ಇಲ್ಲ, ಫೋಟೋ ತೆಗೆಸುವುದು ಆಗ ನಮ್ಮಂಥವರ ಮಾತಾಗಿರಲಿಲ್ಲ. ಅತ್ತೆಗೆ ಅಮ್ಮನ ಮುಖ ಎಂದು ಉಳಿದಿದ್ದು ಆ ಗೊಂಬೆಯೊಂದೇ. ದಿನಾ ಬೆಳಿಗ್ಗೆ ಮೊದಲು ಅಮ್ಮನ ಮುಖ ಒರೆಸಿ, ನಿನ್ನೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ (ಅದರಲ್ಲಿ ಮುಕ್ಕಾಲುಪಾಲು ನನ್ನ ಮೇಲಿನ ದೂರು), ಆಮೇಲೆ ಕರಡಿಯ ಹತ್ತಿರ ಹೋಗುತ್ತಿದ್ದರು. ಗುಟ್ಟು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಟ್ಟದವಳಲ್ಲ ಎಂದು ಗೊತ್ತಾದರೆ ಅಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಹೀಗಿರುವಾಗ ಹೊಸ ಡೈರೆಕ್ಟರ್ ಬಂದರು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಈ ಮನುಷ್ಯ ಒಗೆದದ್ದು ಕಲ್ಲಿಗಲ್ಲ, ಜನರ ಮುಖಕ್ಕೆ. ಗೊಂಬೆಗಳ ಕೋಣೆಯನ್ನು ಖಾಲಿ ಮಾಡಿಸಿ ಕಾಫಿ ಅಂಗಡಿಗೆ ಕೊಟ್ಟರು. ಬಯಲಿನ ವ್ಯಾಪಾರಿಗೆ ಹೊಸ ಬಟ್ಟೆ ತೊಡಿಸಿ ಕೆಳಗೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಬೆಸ್ತನಿಗೆ ಕಾಫಿ ಅಂಗಡಿಯ ಮೂಲೆ ಸಿಕ್ಕಿತು. ಬೆಟ್ಟದ ಹೆಂಗಸನ್ನು ಪ್ರಾಣಿಗಳ ಹಾಲಿಗೆ ತಂದು, ಕಂಬಿಯ ಒಳಗೆ, ಕರಡಿಗೂ ಚಿಪ್ಪುಹಂದಿಗೂ ನಡುವೆ ನಿಲ್ಲಿಸಿದರು. ಎದುರಿಗೆ ಬೋರ್ಡು: 'ಬೆಟ್ಟದ ಜೀವಿಗಳು. ಕರಡಿ, ಮಂಗಟ್ಟೆ, ಚಿಪ್ಪುಹಂದಿ, ಬೆಟ್ಟದ ಹೆಂಗಸು.'

ಅದೂ ಕೊನೆಯಲ್ಲಿ. ಚಿಪ್ಪುಹಂದಿಯೂ ಆದಮೇಲೆ.

ಆ ಸಂಜೆ ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡಿದರು. ನಾನು ಸೌಟು ಕೆಳಗಿಟ್ಟು ಕೇಳಿದೆ. ಕೇಳುತ್ತಾ ಕೇಳುತ್ತಾ ನನ್ನ ಕಿವಿ ಬಿಸಿಯಾಯಿತು. ನನ್ನ ಗಂಡ ಮಾತ್ರ ಯಾವತ್ತಿನಂತೆ ತಣ್ಣೀರು ಎರಚಿದರು.

"ಅಮ್ಮಾ, ಸುಮ್ನಿರು. ಬಾಯಿಬಿಟ್ರೆ ಗುಟ್ಟು ಹೊರಗೆ ಬರುತ್ತೆ. ಇದು ಸುಳ್ಳು ಗೊಂಬೆ ಅಂತ ಒಡೆದು ಹಾಕ್ತಾರೆ. ಎಲ್ಲಾದ್ರೂ ಇರ್ಲಿ, ಕಣ್ಣಿಗೆ ಕಾಣ್ತಾಳಲ್ಲ."

"ಎಲ್ಲಾದ್ರೂ ಅಂದ್ರೆ?" ಎಂದೆ ನಾನು. "ನಿಮ್ಮನ್ನ ಕರಡಿ ಪಕ್ಕ ನಿಲ್ಲಿಸಿ ಮಕ್ಕಳ ಕೈಲಿ ಕಡಲೆಕಾಯಿ ಎಸೆಸಿದ್ರೆ ನೀವು ಸುಮ್ನಿರ್ತೀರಾ?"

"ನಾನೇನು ಗೊಂಬೆನಾ?"

"ಅಜ್ಜಿ ಗೊಂಬೆನಾ?"

ಅವರು ಪೇಪರ್ ಹಿಡಿದು ಹೊರಗೆ ಹೋದರು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ, ಮದುವೆಯಾಗಿ ಇಷ್ಟು ವರ್ಷದ ಮೇಲೆ, ಈ ಸೊಸೆ ಪರವಾಗಿಲ್ಲ ಎಂಬ ಮಾತು ಇತ್ತು.

ಮರುದಿನ ಅತ್ತೆ ಡೈರೆಕ್ಟರ್ ಕೋಣೆಗೆ ಹೋದರು. ಗಾಜಿನ ಮೇಜು, ತಣ್ಣನೆ ಗಾಳಿ. ಕೂರಿ ಎನ್ನಲಿಲ್ಲವಂತೆ.

"ಸಾರ್, ಆ ಹೆಂಗಸಿನ ಗೊಂಬೆನ ಪ್ರಾಣಿಗಳ ಜೊತೆ ಇಟ್ಟಿರೋದು ಸರಿ ಇಲ್ಲ."

"ನೋಡಿಯಮ್ಮ, ಮನುಷ್ಯನೂ ಪ್ರಕೃತಿಯ ಭಾಗ. ಪ್ರಾಣಿಗಳ ಜೊತೆ ನಿಲ್ಲೋದು ಅವಮಾನ ಅಲ್ಲ, ಗೌರವ. ನಿಮಗೆ ಅರ್ಥ ಆಗಲ್ಲ, ಇದು ಹೊಸ ವಿಚಾರ."

"ಹಾಗಿದ್ರೆ ಆ ವ್ಯಾಪಾರಿ ಯಾಕೆ ಕುರ್ಚಿ ಮೇಲೆ ಕೂತಿದಾನೆ ಸಾರ್? ಅವನು ಪ್ರಕೃತಿ ಅಲ್ವಾ?"

"ಅದು ಸ್ವಾಗತಕ್ಕೆ."

ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಅತ್ತೆಗೆ ತಡೆಯಲಾಗಲಿಲ್ಲ.

"ಅವಳು ಬೆಟ್ಟದವಳೇ ಅಲ್ಲ ಸಾರ್. ನಮ್ಮಮ್ಮ ಅವಳು. ಇದೇ ಊರಲ್ಲಿ ಹುಟ್ಟಿ ಇದೇ ಊರಲ್ಲಿ ಸತ್ತವಳು. ನಮಗೂ ಬೆಟ್ಟಕ್ಕೂ ಸಂಬಂಧವೇ ಇಲ್ಲ. ಅಲ್ಲಿ ನಿಂತ್ಕೊಳ್ಳೋ ಕರ್ಮ ಅವಳಿಗೇನು?"

ಡೈರೆಕ್ಟರ್ ಸಿಟ್ಟಾಗುತ್ತಾರೆ ಎಂದುಕೊಂಡಿದ್ದರು. ಆತ ಹಿಗ್ಗಿದರಂತೆ. ಹಳೆಯವರು ಮಾಡಿದ ತಪ್ಪು ಸಿಕ್ಕಿತಲ್ಲ. "ಒಳ್ಳೇ ಕೆಲಸ ಮಾಡಿದ್ರಿ. ನಮಗೆ ಬೇಕಾಗಿರೋದು ಅಸಲಿ" ಎಂದು ಅಲ್ಲೇ ಆಳು ಕರೆಸಿ ಗೊಂಬೆ ತೆಗೆಸಿದರು. ಮೈಯೆಲ್ಲ ಮರ ಮತ್ತು ಹುಲ್ಲು, ಅದು ಒಲೆಗೆ ಹೋಯಿತು. ಬುಟ್ಟಿ, ಬಟ್ಟೆ, ಸರ ಉಗ್ರಾಣಕ್ಕೆ ಹೋದವು. ಗಾರೆಯ ತಲೆಯನ್ನು ಕಸಕ್ಕೆ ಹಾಕುವ ಮೊದಲು ಅತ್ತೆ ಕೈಚಾಚಿದರು. "ಇದು ಯಾರಿಗೆ ಬೇಕು, ತಗೊಂಡು ಹೋಗಿ" ಎಂದರಂತೆ.

ಅತ್ತೆ ಅಮ್ಮನ ತಲೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕಂಡಕ್ಟರ್, ಇದೇನು ಲಗೇಜಾ ಎಂದು ಕೇಳಿದ. ನಮ್ಮಮ್ಮ ಎಂದರು. ಹಾಗಾದರೆ ಟಿಕೆಟ್ ತಗೊಳ್ಳಿ ಎಂದ, ತಮಾಷೆಗೆ. ಅತ್ತೆ ನಿಜವಾಗಿಯೂ ಎರಡು ಟಿಕೆಟ್ ತೆಗೆದುಕೊಂಡರು. ಹೊಲಿಗೆ ಮಿಷನ್ನಿನ ಮೇಲೆ ಅಜ್ಜಿಯನ್ನು ಇಟ್ಟೆವು. ನನ್ನ ಗಂಡ ಹತ್ತಿರ ಹೋಗಿ, ದೂರ ನಿಂತು, ಮತ್ತೆ ಹತ್ತಿರ ಹೋಗಿ ನೋಡಿದರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂಬಂತೆ ಇದ್ದೆ. ಅತ್ತೆ ಆ ದಿನ ನಾನು ಮಾಡಿದ ಅಡುಗೆಗೆ ಒಂದು ಕೊಂಕೂ ತೆಗೆಯಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಮ್ಯೂಸಿಯಮ್ಮಿನ ತೋಟದಲ್ಲಿ ದಿನಗೂಲಿಗೆ ಕೆಲಸ ಮಾಡುವ ಹೆಂಗಸೊಬ್ಬಳಿದ್ದಾಳೆ. ಬೆಟ್ಟದಿಂದ ಮದುವೆಯಾಗಿ ಇಳಿದು ಬಂದವಳು. ಎಲ್ಲರೂ ಅವಳನ್ನು ಮೇಲಿನವಳು ಎಂದೇ ಕರೆಯುವುದು. ಅತ್ತೆಯೂ ಅವಳೂ ಹಿಂಬದಿಯ ಮರದಡಿ ಜೊತೆಯಲ್ಲೇ ಊಟದ ಡಬ್ಬಿ ಬಿಚ್ಚುತ್ತಾರೆ. ಅತ್ತೆಗೆ ಅವಳೆಂದರೆ ಇಷ್ಟ, ಏಕೆಂದರೆ ಅತ್ತೆ ಮಾತಾಡುವಾಗ ಅವಳು ಅಡ್ಡ ಬಾಯಿ ಹಾಕುವುದಿಲ್ಲ. ಅಮ್ಮನನ್ನು ಬಿಡಿಸಿಕೊಂಡು ಬಂದ ಕಥೆಯನ್ನು ಬಸ್ ಟಿಕೆಟಿನವರೆಗೂ ಅತ್ತೆ ಮರುದಿನ ಅವಳಿಗೆ ಬಣ್ಣಿಸಿದರು. ಅವಳು ಡಬ್ಬಿಯ ಮುಚ್ಚಳ ಮುಚ್ಚಿಟ್ಟಳು. ಊಟ ಇನ್ನೂ ಅರ್ಧ ಇತ್ತು.

"ನನ್ನನ್ನ ಕರೆಸಿದ್ರು ಅಕ್ಕ. ಹೊಸ ಗೊಂಬೆಗೆ ನನ್ನ ಮುಖ ಬೇಕಂತೆ. ಅಸಲಿ ಅಂತೆ ನಾನು. ಹೊಸದಾಗಿ ಜೋಡಿಸಿದ ಹಾಲಿನ ಉದ್ಘಾಟನೆ ದಿನ ಎಲ್ಲರ ಎದುರಿಗೇ ಅಚ್ಚು ತೆಗೀತಾರಂತೆ, ಅತಿಥಿಗಳು ನೋಡೋಕೆ."

"ಎಲ್ಲಿ ನಿಲ್ಲಿಸ್ತಾರೆ?"

"ಇನ್ನೆಲ್ಲಿ? ಆ ಜಾಗ ಖಾಲಿ ಆಯ್ತಲ್ಲ."

"ಆಗಲ್ಲ ಅನ್ನೇ."

"ನಾನು ದಿನಗೂಲಿಯವಳು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ."

ಅತ್ತೆ ಡೈರೆಕ್ಟರಿಗೆ, ಅವರಪ್ಪನಿಗೆ, ಅವರ ಇಡೀ ವಂಶಕ್ಕೆ ಬೈಯಲು ಬಾಯಿ ತೆರೆದರಂತೆ. ಮೇಲಿನವಳು ಮೊದಲ ಸಲ ಅಡ್ಡ ಬಾಯಿ ಹಾಕಿದಳು. ಗಟ್ಟಿಯಾಗಿ ಅಲ್ಲ.

"ಅಕ್ಕ, ನಾನು ಆ ಗೊಂಬೆಗಳ ಕೋಣೆಗೆ ಒಂದೇ ಒಂದು ಸಲ ಹೋಗಿದ್ದು. ಸೇರಿದ ಹೊಸದರಲ್ಲಿ. ನಮ್ಮೂರು ನೋಡೋಣ ಅಂತ ಹೋದೆ. ಆಮೇಲೆ ಯಾವತ್ತೂ ಮೆಟ್ಟಿಲು ಹತ್ತಿಲ್ಲ. ಅಲ್ಲಿ ನಮ್ಮವರು ಅಂತ ಯಾರನ್ನೋ ನಿಲ್ಲಿಸಿ, ನಮಗೆ ಕಷ್ಟ ಬಿಟ್ರೆ ಇನ್ನೇನೂ ಇಲ್ಲ ಅಂತ ಬರೆದಿದ್ರು. ನಾವೂ ಬೆಟ್ಟದಲ್ಲಿ ನಗ್ತೀವಿ ಅಕ್ಕ. ಜಗಳ ಆಡ್ತೀವಿ. ನಮ್ಮಪ್ಪ ಮಂಗಟ್ಟೆ ಹಕ್ಕಿ ಥರ ಕೂಗಿ ತೋರಿಸಿ ನಮ್ಮಮ್ಮನ್ನ ರೇಗಿಸೋನು."

"ನನಗೆ ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಲಿಲ್ಲವಲ್ಲ. ಈಗಲೂ ನೀವು ಸಾಹೇಬ್ರ ಹತ್ರ ಏನಂದ್ರಿ? ನಮ್ಮಮ್ಮ ಬೆಟ್ಟದವಳಲ್ಲ, ಅವಳಿಗ್ಯಾಕೆ ಈ ಕರ್ಮ ಅಂದ್ರಿ. ಬೆಟ್ಟದವಳಾಗಿದ್ರೆ ನಿಲ್ಲಬಹುದಿತ್ತು ಅಂತಾಯ್ತು."

ಇದನ್ನು ಅತ್ತೆ ಮನೆಗೆ ಬಂದು ನನಗೆ ಹೇಳುವಾಗ ಅವರ ದನಿ ಏರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಬೈಗುಳಗಳಿಲ್ಲದ ಅತ್ತೆಯನ್ನು ನಾನು ಕಂಡೇ ಇರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಅಜ್ಜಿಯ ಮುಖ ನೋಡುತ್ತಾ ಹೇಳಿದರು.

"ಇವಳನ್ನ ಇಳಿಸಿ ಅವಳನ್ನ ಹತ್ತಿಸಿ ಬಂದೆ ಕಣೇ ನಾನು."

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಬೆಟ್ಟ ಅಷ್ಟೇನೂ ದೂರವಿರಲಿಲ್ಲ, ದಿನಾ ಅತ್ತೆಯ ಪಕ್ಕದಲ್ಲಿ ಕೂತು ಊಟ ಮಾಡುತ್ತಿತ್ತು.

ಅತ್ತೆ ಮತ್ತೆ ಡೈರೆಕ್ಟರ್ ಬಳಿ ಹೋದರು. ಈ ಸಲ ಬೇಡಿಕೊಂಡರಂತೆ, ಅವರ ಜಾಯಮಾನಕ್ಕೆ ಒಗ್ಗದ ಕೆಲಸ. ಆಹ್ವಾನ ಪತ್ರಿಕೆ ಅಚ್ಚಾಗಿದೆ, ಆಕೆಯೇ ಒಪ್ಪಿದ್ದಾಳೆ, ನಿಮಗೇನು ತೊಂದರೆ ಎಂದು ಆತ ಫೋನ್ ಎತ್ತಿಕೊಂಡರು. ಒಪ್ಪಿದ್ದಾಳಂತೆ. ಕತ್ತಿನ ಮೇಲೆ ಕಾಲಿಟ್ಟು ಒಪ್ಪಿಸಿದ್ದೂ ಒಪ್ಪಿಗೆಯೇ.

ಉದ್ಘಾಟನೆಗೆ ನಮ್ಮ ಶಾಲೆಯ ಹೆಣ್ಣುಮಕ್ಕಳನ್ನೂ ಕರೆದಿದ್ದರು, ಚಪ್ಪಾಳೆ ತಟ್ಟಲು. ನಾನು ಅವರನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ಹಾಲಿನ ನಡುವೆ ಒಂದು ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟೆ. ಪಕ್ಕದಲ್ಲಿ ಗಾರೆಯ ಚೀಲ, ಬಕೆಟ್ಟು, ಎರಡು ಕೊಳವೆ. ಮೇಲಿನವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಷೌರದಂಗಡಿಯಲ್ಲಿ ಕಟ್ಟುವ ಹಾಗೆ ಕುತ್ತಿಗೆಗೆ ಟವೆಲ್ ಕಟ್ಟಿದ್ದರು. ಮುಖಕ್ಕೆಲ್ಲ ಎಣ್ಣೆ. ಅವಳು ನೆಲ ನೋಡುತ್ತಿದ್ದಳು. ಸುತ್ತಲೂ ಅತಿಥಿಗಳು ಕೈಯಲ್ಲಿ ಟೀ ಕಪ್ಪು ಹಿಡಿದು, ಬಿಸ್ಕತ್ತು ಕಡಿಯುತ್ತಾ ನಿಂತಿದ್ದರು. ಒಬ್ಬ ಹೆಣ್ಣುಮಗಳ ಮುಖಕ್ಕೆ ಗಾರೆ ಸುರಿಯುವುದನ್ನು ನೋಡಲು ಬಿಸ್ಕತ್ತು ಬೇಕಾಗಿತ್ತು ಅವರಿಗೆ.

ಡೈರೆಕ್ಟರ್ ಮೈಕಿನಲ್ಲಿ ಭಾಷಣ ಶುರು ಮಾಡಿದರು. ಮನುಷ್ಯನೂ ಪ್ರಕೃತಿಯ ಭಾಗ, ಇದು ಬೆಟ್ಟದ ಜನಕ್ಕೆ ನಾವು ಸಲ್ಲಿಸುವ ಗೌರವ, ಇತ್ಯಾದಿ. ಅದೇ ಹೊತ್ತಿಗೆ ಅತ್ತೆ ಗೋಡೆಯ ಬದಿಯಿಂದ ಬಂದರು. ಧೂಳು ಒರೆಸಲು ಕಂಬಿಯ ಬೀಗದ ಕೈ ಅವರ ಬಳಿಯೇ ಇರುತ್ತದೆ. ಬೀಗ ತೆಗೆದು ಒಳಗೆ ಹೋಗಿ, ಕರಡಿಗೂ ಚಿಪ್ಪುಹಂದಿಗೂ ನಡುವೆ, ತಮ್ಮಮ್ಮ ನಿಂತಿದ್ದ ಜಾಗದಲ್ಲಿ ನಿಂತರು. ಕೆಲಸಕ್ಕೆ ಹಾಕುವ ಬಟ್ಟೆ, ಕೈಯಲ್ಲಿ ಬ್ರಶ್ಶು. ಎದುರಿಗೆ ಆ ಬೋರ್ಡು.

ಮೊದಲು ಕೆಲವರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಡೈರೆಕ್ಟರ್ ಮೈಕಿಗೆ ಕೈ ಅಡ್ಡ ಹಿಡಿದು, "ಏನ್ರೀ ಇದು, ಹೊರಗೆ ಬನ್ನಿ" ಎಂದರು. ಕೈ ಅಡ್ಡ ಹಿಡಿದರೂ ಮೈಕಿಗೆ ಕೇಳಿಸಿತು.

"ಇಲ್ಲಿ ನಿಲ್ಲೋದು ಗೌರವ ಅಂತ ನೀವೇ ಹೇಳಿದ್ರಲ್ಲ ಸಾರ್," ಎಂದರು ಅತ್ತೆ. ದನಿ ಏರಿಸಲಿಲ್ಲ, ಏರಿಸುವ ಅಗತ್ಯವೂ ಇರಲಿಲ್ಲ. "ಒಬ್ಬಳೇ ಅನುಭವಿಸೋಕೆ ಸಂಕೋಚ ಆಗ್ತಿದೆ. ಬನ್ನಿ, ಕರಡಿ ಪಕ್ಕ ಜಾಗ ಇದೆ. ಮೊದಲು ನಿಮ್ಮ ಮುಖದ ಅಚ್ಚು ತೆಗೀಲಿ. ನೀವು ಇಲ್ಲಿ ನಿಂತ ಮೇಲೆ ಅವಳೂ ನಿಲ್ತಾಳೆ."

ಫೋಟೋದವರು ಕ್ಯಾಮೆರಾ ತಿರುಗಿಸಿದರು, ಅತ್ತೆಯ ಕಡೆಗಲ್ಲ, ಡೈರೆಕ್ಟರ್ ಕಡೆಗೆ. ಆತ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಕ್ಕು ಹಗುರ ಮಾಡಲು ನೋಡಿದರು, ನಗು ಬರಲಿಲ್ಲ. ನನ್ನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನನ್ನ ಕೈ ಎಳೆದು, "ಟೀಚರ್, ಸಾರ್ ಯಾಕೆ ಒಳಗೆ ಹೋಗ್ತಿಲ್ಲ?" ಎಂದಳು.

"ಅವರನ್ನೇ ಕೇಳು," ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಅಂದೆ. ಅವಳು ಕೇಳಿಯೂ ಬಿಟ್ಟಳು.

ಆಗ ಮೇಲಿನವಳು ಸ್ಟೂಲಿನಿಂದ ಎದ್ದಳು. ಕುತ್ತಿಗೆಯ ಟವೆಲ್ ಬಿಚ್ಚಿ ಮುಖದ ಎಣ್ಣೆ ಒರೆಸಿಕೊಂಡಳು. ನಿಧಾನವಾಗಿ ಒರೆಸಿಕೊಂಡಳು, ಕಿವಿಯ ಹಿಂದೆ ಕೂಡ. ಟವೆಲನ್ನು ಮಡಿಸಿ ಗಾರೆಯ ಚೀಲದ ಮೇಲಿಟ್ಟು, ಅತಿಥಿಗಳ ನಡುವೆ ದಾರಿ ಮಾಡಿಕೊಂಡು, ಮುಂದಿನ ಮೆಟ್ಟಿಲುಗಳನ್ನು ಇಳಿದು, ಕುರ್ಚಿಯ ಮೇಲಿನ ವ್ಯಾಪಾರಿಯನ್ನು ದಾಟಿ ಮುಂಬಾಗಿಲಿನಿಂದ ಹೊರಗೆ ಹೋದಳು. ಅತ್ತೆ ಹೊರಬಂದು ಕಂಬಿಯ ಬಾಗಿಲು ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಟೀ ಕಪ್ಪುಗಳ ತಟ್ಟೆಯಲ್ಲಿಟ್ಟು ಹಿಂದೆಯೇ ಇಳಿದರು.

ಅತ್ತೆಯನ್ನು ಪ್ರಾಣಿಗಳಿಂದ ಬಿಡಿಸಿ ಗೇಟಿನ ಬಳಿ ಚೀಲ ಕಾಯುವ ಕೆಲಸಕ್ಕೆ ಹಾಕಿದ್ದಾರೆ. ತೆಗೆದುಹಾಕಲು ಆಗಲಿಲ್ಲ. ಡೈರೆಕ್ಟರ್ ಬಾಯಿ ತೆರೆದು ನಿಂತ ಫೋಟೋ ಪೇಪರಿನಲ್ಲಿ ಬಂದಿತ್ತು, ಇನ್ನೊಂದು ಬರುವುದು ಯಾರಿಗೂ ಬೇಕಿರಲಿಲ್ಲ. ಅದೇ ಕಾರಣಕ್ಕೆ ಮೇಲಿನವಳೂ ತೋಟದಲ್ಲಿ ಉಳಿದಿದ್ದಾಳೆ. ಬೋರ್ಡಿನ ಕೊನೆಯ ಹೆಸರನ್ನು ಬಣ್ಣ ಬಳಿದು ಮುಚ್ಚಿದ್ದಾರೆ. ಪಾಠದ ಪುಸ್ತಕದಲ್ಲಿ ಮಾತ್ರ ಆ ಚಿತ್ರ, ಆ ಸಾಲು ಇನ್ನೂ ಇದೆ. ಇಲಾಖೆಗೆ ಬರೆದು ಬರೆದು ನನಗೆ ಸಾಕಾಗಿದೆ, ಆದರೂ ಬರೆಯುವುದನ್ನು ಬಿಟ್ಟಿಲ್ಲ. ಈಗ ಕರಡಿಯನ್ನು ಯಾರೋ ಬಾಲದಿಂದ ತಲೆಯ ಕಡೆಗೆ ಬಾಚುತ್ತಿದ್ದಾರಂತೆ. ಅದನ್ನು ನೆನೆಸಿಕೊಂಡರೆ ಅತ್ತೆಗೆ ಊಟ ಸೇರುವುದಿಲ್ಲ.

ಮೇಲಿನವಳು ಬಹಳ ದಿನ ಅತ್ತೆಯ ಜೊತೆ ಮರದಡಿ ಕೂರಲಿಲ್ಲ. ಅದು ನ್ಯಾಯವೇ. ಒಂದು ದಿನ ತಾನಾಗಿಯೇ ನಮ್ಮ ಮನೆಗೆ ಬಂದಳು, ಅತ್ತೆ ಗೇಟಿನ ಬಳಿ ಮರೆತು ಬಂದ ಕೊಡೆ ಕೊಡಲು. ನಾನು ಟೀಗೆ ಇಟ್ಟೆ. ಅವಳ ಕಣ್ಣು ಹೊಲಿಗೆ ಮಿಷನ್ನಿನ ಮೇಲಿದ್ದ ಅಜ್ಜಿಯ ಮೇಲೆ ಬಿತ್ತು. ಹಣೆಗೆ ಬುಟ್ಟಿಯ ಪಟ್ಟಿ ಇಲ್ಲದೆ, ಕೊರಳಿಗೆ ಸರ ಇಲ್ಲದೆ ಆ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಿ ಬಗ್ಗಿ ನೋಡಿದಳು. ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಅಕ್ಕ," ಎಂದಳು ಅವಳು, "ನಿಮ್ಮಮ್ಮಂಗೆ ಸೀನು ಬಂದಿತ್ತಾ?"